ನಾಮದ ಹೊಣೆ: ಕಾಶಿಯ ನೀಲಕಂಠ, ಮಂಗಳೂರಿನ ಆನಂದರಾವ್

ಕಾಶಿಯಲ್ಲಿ ಬಾಳುವವರಿಗೆ ದೇವರ ಹೆಸರು ಕಿವಿಗೆ ಬೀಳದ ದಿನವಿಲ್ಲ. ಮಣಿಕರ್ಣಿಕೆಯ ಕಡೆ ಹೆಣ ಹೊತ್ತು ಸಾಗುವವರು ರಾಮನಾಮವೇ ಸತ್ಯವೆಂದು ಕೂಗುತ್ತ ಗಲ್ಲಿಗಳನ್ನು ದಾಟುತ್ತಾರೆ. ಇಲ್ಲಿ ಪ್ರಾಣ ಬಿಡುವವರ ಕಿವಿಯಲ್ಲಿ ಸಾಕ್ಷಾತ್ ವಿಶ್ವನಾಥನೇ ತಾರಕಮಂತ್ರವನ್ನು ಉಸುರುತ್ತಾನೆಂಬುದು ಊರಿನ ನಂಬಿಕೆ. ಅಸ್ಸಿಯ ದಂಡೆಯಲ್ಲಿ ನೆಲೆಸಿದ್ದ ತುಲಸೀದಾಸರು ತಮ್ಮ ರಾಮಚರಿತಮಾನಸದ ಬಾಲಕಾಂಡದಲ್ಲಿ ರಾಮನಿಗಿಂತ ರಾಮನ ನಾಮವೇ ಹಿರಿದೆಂದು ವಿಸ್ತಾರವಾಗಿ ಸಾಧಿಸುತ್ತಾರೆ. ನಮ್ಮ ದಾಸರ ಪದಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಆ ವಾದ ಹೊಸದೇನೂ ಅಲ್ಲ.

ಇಂಥ ಊರಿನಲ್ಲಿ ಕುಳಿತು ಕ್ರೈಸ್ತ ಪ್ರಾರ್ಥನೆಯೊಂದರ ಮೊದಲ ಬಿನ್ನಹದ ಬಗ್ಗೆ ಯೋಚಿಸುವಂತಾದುದಕ್ಕೆ ಕಾರಣ ನನ್ನ ಬಾಲ್ಯ. ನಮ್ಮದು ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಸಭೆಗೆ ಸೇರಿದ ಮನೆತನ. ಮನೆಯಲ್ಲಿ ಆಡುತ್ತಿದ್ದುದು ತುಳು, ಪ್ರಾರ್ಥಿಸುತ್ತಿದ್ದುದು ಕನ್ನಡದಲ್ಲಿ. ಆಟದ ಜಗಳದಲ್ಲಿ ನಾವು ಮಕ್ಕಳು ‘ದೇವರಾಣೆ’ ಎಂದರೆ ಸಾಕು, ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಸುಳ್ಳು ಹೇಳಿದ್ದಕ್ಕಿಂತ ಆ ಸುಳ್ಳಿಗೆ ದೇವರ ಹೆಸರನ್ನು ಜಾಮೀನು ಇಟ್ಟದ್ದು ಅವರ ದೃಷ್ಟಿಯಲ್ಲಿ ದೊಡ್ಡ ತಪ್ಪು. ನಿಜ ಹೇಳುವಾಗಲೂ ಆಣೆ ಇಡಕೂಡದು. ನಿಜಕ್ಕೆ ಜಾಮೀನು ಏಕೆ ಬೇಕು ಎನ್ನುವುದು ಅವರ ತರ್ಕ. ಸಂಜೆಯ ಪ್ರಾರ್ಥನೆಗೂ ಹಗಲಿನ ಈ ಗದರಿಕೆಗೂ ಇದ್ದ ಸಂಬಂಧ ನನಗೆ ಹೊಳೆದದ್ದು ಬಹಳ ತಡವಾಗಿ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅನ್ನವನ್ನಾಗಲಿ ಕ್ಷಮೆಯನ್ನಾಗಲಿ ಮೊದಲು ಬೇಡುವುದಿಲ್ಲ. ತಂದೆಯನ್ನು ಕರೆದು, ಆತನ ನಾಮ ಪವಿತ್ರವೆಂದು ಮನ್ನಿಸಲ್ಪಡಬೇಕೆಂದು ಮೊದಲು ಕೋರುತ್ತದೆ. ಯಾರು ಮನ್ನಿಸಬೇಕು? ಅದನ್ನು ವಾಕ್ಯ ಹೇಳುವುದಿಲ್ಲ. ‘ಅಲ್ಪಡು’ ಹಚ್ಚಿದ ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲವೆಂದು ನಮ್ಮ ಮೇಷ್ಟರುಗಳು ಹೇಳುತ್ತಿದ್ದರು. ಆದರೆ ಈ ಒಂದು ಕಡೆ ಅದಕ್ಕೆ ಕೆಲಸವಿದೆ. ಅದು ಕರ್ತೃವನ್ನು ಮರೆಯಲ್ಲಿಡುತ್ತದೆ. ನೆರೆಯವರು ಮನ್ನಿಸಲಿ, ಅನ್ಯರು ಮನ್ನಿಸಲಿ ಎಂದು ಬೆರಳು ತೋರಿಸಲು ಅಲ್ಲಿ ಎಡೆಯಿಲ್ಲ.

ಈ ಬಿನ್ನಹದ ಬೇರು ಯೆಹೂದ್ಯರ ಪರಂಪರೆಯಲ್ಲಿದೆ. ಅವರ ಧರ್ಮಗ್ರಂಥದಲ್ಲಿ ದೇವರ ಹೆಸರು ನಾಲ್ಕು ವ್ಯಂಜನಗಳ ರೂಪದಲ್ಲಿ ಸಾವಿರಾರು ಬಾರಿ ಬರುತ್ತದೆ. ಓದುವವರು ಮಾತ್ರ ಅದನ್ನು ಉಚ್ಚರಿಸುವುದಿಲ್ಲ. ಅದರ ಜಾಗದಲ್ಲಿ ‘ನನ್ನ ಒಡೆಯ’ ಎಂಬರ್ಥದ ‘ಅದೋನಾಯ್’ ಎನ್ನುತ್ತಾರೆ. ಆ ನಾಮ ಬರೆದ ಹಾಳೆ ಹರಿದರೂ ಎಸೆಯದೆ ‘ಗೆನಿಝಾ’ ಎಂಬ ಕೋಣೆಯಲ್ಲಿ ಕೂಡಿಡುತ್ತಾರೆ. ಕೈರೋದ ಹಳೆಯ ಸಿನಗಾಗಿನ ಅಂಥ ಕೋಣೆಯಿಂದಲೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಧ್ಯಯುಗದ ಅಪಾರ ಕಾಗದಪತ್ರಗಳು ಹೊರಬಂದವು. ಗೌರವವೆಂದರೆ ಅಲ್ಲಿ ಮೊದಲು ನಾಲಿಗೆಯ ಹಿಡಿತ. ಇನ್ನೂ ಮುಖ್ಯವಾದ ಮಾತೊಂದು ಪ್ರವಾದಿ ಯೆಹೆಜ್ಕೇಲನ ಗ್ರಂಥದ ಮೂವತ್ತಾರನೆಯ ಅಧ್ಯಾಯದಲ್ಲಿದೆ. ಪರದೇಶಗಳಲ್ಲಿ ದೇವರ ನಾಮಕ್ಕೆ ಕಳಂಕ ತಂದವರು ಪರದೇಶಿಗಳಲ್ಲ, ಆತನ ಸ್ವಂತ ಜನರೇ. ಆದುದರಿಂದ ತನ್ನ ನಾಮದ ಪವಿತ್ರತೆಯನ್ನು ತಾನೇ ಮರಳಿ ಸ್ಥಾಪಿಸುವೆನೆಂದು ದೇವರು ಅಲ್ಲಿ ಹೇಳುತ್ತಾನೆ. ಯೇಸುವಿನ ಪ್ರಾರ್ಥನೆಯ ಮೊದಲ ಬಿನ್ನಹವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಅರ್ಥ ನಿಚ್ಚಳವಾಗುತ್ತದೆ. ನಾಮಕ್ಕೆ ಅಪಾಯವಿರುವುದು ಅದನ್ನು ಅರಿಯದವರಿಂದಲ್ಲ, ಅದನ್ನು ಹೇಳಿಕೊಂಡು ತಿರುಗುವವರಿಂದ.

ಇಂಥ ನಾಮವನ್ನು ಕನ್ನಡಕ್ಕೆ ತರುವುದು ಹೇಗೆ? ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಎರಡು ದಶಕ ದುಡಿದು, 1831ರ ಹೊತ್ತಿಗೆ ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದರು. ಮುಂದೆ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ತಿದ್ದಿದರು. ಆ ಸಾಲಿನ ಹಳೆಯ ಕನ್ನಡ ಬೈಬಲಿನ ಮೊದಲ ವಾಕ್ಯದಲ್ಲೇ ಒಂದು ವಿಶೇಷವಿದೆ. ‘ದೇವರು’ ಎಂಬುದು ರೂಪದಲ್ಲಿ ಗೌರವ ಬಹುವಚನ. ಆದರೆ ಅದರ ಕ್ರಿಯಾಪದ ‘ದನು’ ಎಂದು ಏಕವಚನದಲ್ಲಿ ಮುಗಿಯುತ್ತದೆ. ಇದು ವ್ಯಾಕರಣದ ತಪ್ಪೆಂದು ನಗುವವರನ್ನು ಕಂಡಿದ್ದೇನೆ. ಹೀಬ್ರೂ ಮೂಲದಲ್ಲೂ ಹೀಗೆಯೇ ಇದೆ ಎಂಬುದು ಕುತೂಹಲದ ಸಂಗತಿ. ‘ಎಲೋಹೀಮ್’ ಬಹುವಚನದ ರೂಪ, ಅದರ ಕ್ರಿಯಾಪದ ಏಕವಚನ. ಹೆಸರಿನಲ್ಲಿ ಗೌರವ, ಕ್ರಿಯೆಯಲ್ಲಿ ಏಕತ್ವ. ನಮ್ಮ ಹಳ್ಳಿಗಳ ದೇವರು ಎಂಬ ಪದವೇ ಯಾವ ಕಸರತ್ತೂ ಇಲ್ಲದೆ ಆ ಭಾರವನ್ನು ಹೊತ್ತಿತು.

ನಾಲ್ಕು ಅಕ್ಷರಗಳ ವಿಶೇಷನಾಮದ ವಿಷಯದಲ್ಲಿ ಕನ್ನಡದೊಳಗೆ ಎರಡು ದಾರಿಗಳಾದವು. ಪ್ರೊಟೆಸ್ಟಂಟರು ‘ಯೆಹೋವ’ ಎಂಬ ರೂಪವನ್ನು ಉಳಿಸಿಕೊಂಡರು. ಈ ರೂಪ ಹುಟ್ಟಿದ್ದೇ ಉಚ್ಚರಿಸಬಾರದ ನಾಮದ ವ್ಯಂಜನಗಳಿಗೆ ‘ಅದೋನಾಯ್’ ಪದದ ಸ್ವರಗಳು ಸೇರಿಕೊಂಡು. ಕಥೋಲಿಕರು ‘ಸರ್ವೇಶ್ವರ’ ಎಂದರು. ಹೆಸರನ್ನು ಹೇಳದೆ ಒಡೆತನವನ್ನು ಹೇಳುವ ಹಳೆಯ ಕ್ರಮಕ್ಕೆ ಇದು ಹತ್ತಿರ. ಹಿಂದಿಯಲ್ಲೂ ಹೀಗೆಯೇ ‘ಯಹೋವಾ’ ಮತ್ತು ‘ಪ್ರಭು’ ಎಂಬ ಎರಡು ದಾರಿಗಳಿವೆ. 2008ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರವೊಂದು, ಆರಾಧನೆಯಲ್ಲಿ ಆ ನಾಲ್ಕು ಅಕ್ಷರಗಳ ನಾಮವನ್ನು ಉಚ್ಚರಿಸಬಾರದೆಂದು ಲೋಕದ ಕಥೋಲಿಕರಿಗೆಲ್ಲ ತಿಳಿಸಿತು.

ಇಷ್ಟೊಂದು ಭಯಭಕ್ತಿಯ ನಡುವೆ ಪ್ರಾರ್ಥನೆ ಮಾತ್ರ ದೇವರನ್ನು ‘ನೀನು’ ಎನ್ನುತ್ತದೆ. ಕನ್ನಡದಲ್ಲಿ ‘ನಿಮ್ಮ’ ಅಲ್ಲ, ‘ನಿನ್ನ’. ಹಿಂದಿಯಲ್ಲಿ ‘ಆಪ್‌ಕಾ’ ಅಲ್ಲ, ‘ತೇರಾ’. ಇಂಗ್ಲಿಷಿನ ಹಳೆಯ ‘ದೈ’ ಇಂದು ಘನವಾಗಿ ಕೇಳಿಸುವುದು ಅದು ಹಳತಾದ ಕಾರಣದಿಂದ. ಒಂದು ಕಾಲದಲ್ಲಿ ಅದೂ ಮನೆಯವರೊಡನೆ, ಆಪ್ತರೊಡನೆ ಆಡುವ ಏಕವಚನವೇ. ಕನ್ನಡದ ಭಕ್ತನಿಗೆ ಇದನ್ನು ವಿವರಿಸಬೇಕಾಗಿಲ್ಲ. ವಚನಕಾರರೂ ದಾಸರೂ ದೇವರಿಗೆ ಬಹುವಚನ ಹಚ್ಚಲಿಲ್ಲ. ಹತ್ತಿರ ನಿಂತು ಕರೆಯುವಾಗ ಕರೆಯುವವನ ಬಾಳು ಎದುರಿಗಿರುವವನ ಕಣ್ಣಿಗೆ ಬೀಳುತ್ತದೆ. ನಾಮದ ಗೌರವ ಅಲ್ಲಿಂದ ಮುಂದೆ ನಡತೆಯ ಪ್ರಶ್ನೆಯಾಗುತ್ತದೆ.

ಆ ಪ್ರಶ್ನೆ ಕಾಶಿಯಲ್ಲಿ ಹೇಗೆ ಎದ್ದಿತೆಂಬುದಕ್ಕೆ ಇಲ್ಲಿನ ಮಿಷನ್ನುಗಳ ಚರಿತ್ರೆಯೇ ಸಾಕ್ಷಿ. ಅದರ ಆರಂಭದಲ್ಲಿ ನಿಂತಿರುವವರು ಪಾದ್ರಿಯಲ್ಲ, ಒಬ್ಬ ಹಿಂದೂ ಶ್ರೀಮಂತ. ಬಂಗಾಳದ ಭೂಕೈಲಾಸದ ರಾಜಾ ಜಯನಾರಾಯಣ ಘೋಷಾಲರು ಕಾಶೀಖಂಡವನ್ನು ಬಂಗಾಳಿಗೆ ತಂದವರು. ಅವರು ಕಾಯಿಲೆ ಬಿದ್ದಾಗ ವೀಟ್ಲಿ ಎಂಬ ಆಂಗ್ಲ ವರ್ತಕ ಔಷಧಿಯ ಜೊತೆಗೆ ದೇವರನ್ನು ಪ್ರಾರ್ಥಿಸುವ ಸಲಹೆಯನ್ನೂ ಕೊಟ್ಟನಂತೆ. ಗುಣವಾದ ಮೇಲೆ ಘೋಷಾಲರು ಕಾಶಿಯಲ್ಲಿ ಶಾಲೆಯೊಂದನ್ನು ತೆರೆದು, 1818ರಲ್ಲಿ ಅದನ್ನು ಚರ್ಚ್ ಮಿಷನರಿ ಸೊಸೈಟಿಗೆ ಒಪ್ಪಿಸಿದರು. ಅವರು ಕ್ರೈಸ್ತರಾಗಲಿಲ್ಲ, ಆದರೂ ಆ ಪ್ರಾರ್ಥನೆಗೆ ಊರಿನಲ್ಲಿ ಒಂದು ನೆಲೆ ಮಾಡಿಕೊಟ್ಟರು.

ಮುಂದಿನ ದಶಕಗಳಲ್ಲಿ ಇದೇ ಸೌಜನ್ಯ ಎಲ್ಲ ಕಡೆ ಉಳಿಯಲಿಲ್ಲ. ಚೌಕಗಳಲ್ಲಿ, ಘಾಟುಗಳಲ್ಲಿ ನಿಂತು ಮಿಷನರಿಗಳು ಉಪದೇಶ ಮಾಡುವುದು ವಾಡಿಕೆಯಾಯಿತು. ಅದರಲ್ಲಿ ತಮ್ಮ ದೇವರ ಸ್ತುತಿಯೂ ಇತ್ತು, ಕೇಳುವವರ ದೇವರ ನಿಂದೆಯೂ ಇತ್ತು. ಒಂದು ನಾಮವನ್ನು ಹೊಗಳಲು ಇನ್ನೊಂದನ್ನು ಹಳಿಯುವುದು ಅನಿವಾರ್ಯವೆಂದು ಅನೇಕರು ನಂಬಿದ್ದರು. ಕೇಳಿದವರು ಹಾಗೆಯೇ ತಿರುಗಿ ಹಳಿದರು. ಆ ಗದ್ದಲದಲ್ಲಿ ಯಾವ ನಾಮಕ್ಕೂ ಮರ್ಯಾದೆ ಹೆಚ್ಚಲಿಲ್ಲ.

ಈ ವಾದದ ಕಣಕ್ಕೆ ಇಳಿದ ಒಬ್ಬ ತರುಣ ಪಂಡಿತ ನೀಲಕಂಠ ಗೋರೆ. 1825ರಲ್ಲಿ ಝಾನ್ಸಿಯ ಬಳಿ ಕೊಂಕಣಸ್ಥ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಕಾಶಿಯಲ್ಲಿ ಬೆಳೆದವರು. ಜಾನ್ ಮ್ಯೂರ್ ಎಂಬ ಸ್ಕಾಟಿಷ್ ವಿದ್ವಾಂಸ 1839ರಲ್ಲಿ ‘ಮತಪರೀಕ್ಷಾ’ ಎಂಬ ಸಂಸ್ಕೃತ ಗ್ರಂಥದಲ್ಲಿ ಕ್ರೈಸ್ತಮತದ ಪಕ್ಷ ವಹಿಸಿ ವಾದಿಸಿದಾಗ, ನೀಲಕಂಠ ಶಾಸ್ತ್ರಿಗಳು ‘ಶಾಸ್ತ್ರತತ್ತ್ವವಿನಿರ್ಣಯ’ ಬರೆದು ಸಂಸ್ಕೃತದಲ್ಲೇ ಉತ್ತರಿಸಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಅಷ್ಟಕ್ಕೇ ನಿಲ್ಲದೆ, ಮಿಷನರಿ ವಿಲಿಯಂ ಸ್ಮಿತ್ ಅವರನ್ನು ಮುಖಾಮುಖಿ ಎದುರಿಸಲು ಹೋಗತೊಡಗಿದರು. ಆ ಭೇಟಿಗಳು ವರ್ಷಗಟ್ಟಲೆ ನಡೆದವು. ಕೊನೆಗೆ 1848ರ ಮಾರ್ಚ್‌ನಲ್ಲಿ, ಜೌನ್‌ಪುರದಲ್ಲಿ, ನೀಲಕಂಠರು ಸ್ನಾನದೀಕ್ಷೆ ಪಡೆದರು. ಹೊಸ ಹೆಸರು ನೆಹೆಮ್ಯ.

ಆ ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೀಬ್ರೂವಿನಲ್ಲಿ ನೆಹೆಮ್ಯ ಎಂದರೆ ‘ಯಾಹ್ ಸಂತೈಸುವನು’. ಯಾಹ್ ಎಂಬುದು ಉಚ್ಚರಿಸಬಾರದ ಆ ನಾಮದ ಕಿರಿಯ ರೂಪ. ಹಲ್ಲೆಲೂಯಾದ ಕೊನೆಯಲ್ಲಿ ಬರುವುದೂ ಅದೇ. ನೀಲಕಂಠವಂತೂ ವಿಷವನ್ನು ಕೊರಳಲ್ಲಿ ತಡೆದ ಶಿವನ ಹೆಸರು. ಮತಾಂತರದ ನಂತರವೂ ಅವರು ಅದನ್ನು ಬಿಡದೆ ನೆಹೆಮ್ಯ ನೀಲಕಂಠ ಶಾಸ್ತ್ರಿ ಗೋರೆ ಎಂದೇ ಹೆಸರಾದರು. ವಿಶ್ವನಾಥನ ಊರಿನ ಒಬ್ಬನೇ ಮನುಷ್ಯನ ಹೆಸರಿನಲ್ಲಿ ಎರಡು ಪರಂಪರೆಗಳ ದೇವನಾಮಗಳು ಒಟ್ಟಿಗೆ ಉಳಿದವು. 1853ರಲ್ಲಿ ಕಾಶಿಯಲ್ಲೇ ಹುಟ್ಟಿದ ಅವರ ಮಗಳ ಹೆಸರಿನಲ್ಲೂ ಲಕ್ಷ್ಮಿ ಉಳಿದಳು. ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡ ಎಲೆನ್ ಲಕ್ಷ್ಮಿ ಗೋರೆ ಮುಂದೆ ಇಂಗ್ಲಿಷಿನಲ್ಲಿ ಭಕ್ತಿಗೀತೆಗಳನ್ನು ಬರೆದು ಹೆಸರಾದರು.

ಇದೇ 1825ರಲ್ಲಿ ಮಂಗಳೂರಿನ ಕಡೆ ಹುಟ್ಟಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರ ಕಥೆ ಇದಕ್ಕೆ ಸಮಾನಾಂತರವಾದುದು. ‘ಮಂಗಳೂರ ಸಮಾಚಾರ’ದ ಹೆರ್ಮನ್ ಮೋಗ್ಲಿಂಗ್ ಅವರ ಪ್ರಭಾವದಲ್ಲಿ, 1844ರ ಜನವರಿಯಲ್ಲಿ, ಅವರು ಸ್ನಾನದೀಕ್ಷೆ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮರಳಿದರು. ಕೊಡಗಿನಲ್ಲಿ, ತಲೆಮಾರುಗಳಿಂದ ಜೀತದಲ್ಲಿದ್ದ ದಲಿತ ಕುಟುಂಬಗಳು ಕ್ರೈಸ್ತರಾದಾಗ ಅವರಿಗಾಗಿ ಮೋಗ್ಲಿಂಗ್ ಮತ್ತು ಕೌಂಡಿನ್ಯರು ಕಟ್ಟಿದ ಊರಿಗೆ ಆನಂದಪುರವೆಂಬ ಹೆಸರು ಬಂತು. ಆನಂದರಾಯರ ಹೆಸರೇ ಅದು. ಹುಟ್ಟಿನಿಂದ ಸಾರಸ್ವತನಾದವನು ಆ ಜನರೊಡನೆ ಒಂದೇ ರೊಟ್ಟಿಯನ್ನು ಹಂಚಿಕೊಂಡು, ಒಂದೇ ಪ್ರಾರ್ಥನೆಯಲ್ಲಿ ಒಬ್ಬನೇ ತಂದೆಯನ್ನು ಕರೆಯುವುದು ಆ ಕಾಲದಲ್ಲಿ ಬಾಯಿಮಾತಿನ ಸಂಗತಿಯಾಗಿರಲಿಲ್ಲ. ತಂದೆ ಎಂದು ಕರೆದ ಮೇಲೆ ಪಕ್ಕದಲ್ಲಿ ನಿಂತವರು ಒಡಹುಟ್ಟಿದವರಾಗಲೇಬೇಕು. ಕರೆದು, ಅವರನ್ನು ಹೊರಗಿಟ್ಟರೆ, ಹುಸಿಯಾಗುವುದು ಕರೆದ ಹೆಸರೇ. ಆ ಬಿನ್ನಹಕ್ಕೆ ಕನ್ನಡನಾಡಿನಲ್ಲಿ ಸಿಕ್ಕ ಒಂದು ನಿಜವಾದ ಭಾಷ್ಯವೆಂದರೆ ಆನಂದಪುರ.

ಗೋರೆಯವರಿಗೆ ಆ ಭಾಷ್ಯ ಸಿಗದೆ ಹೋದ ಪ್ರಸಂಗವೂ ಇದೆ. 1854ರಲ್ಲಿ ಅವರು ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರನ್ನು ಕಂಡ ಮ್ಯಾಕ್ಸ್ ಮುಲ್ಲರ್ ಆ ಭೇಟಿಯನ್ನು ಬಹಳ ವರ್ಷಗಳ ಮೇಲೆ ನೆನೆದು ಬರೆದಿದ್ದಾರೆ. ಗೋರೆ ಆಗ ತೀರ ಖಿನ್ನರಾಗಿದ್ದರಂತೆ. ಲಂಡನ್ನಿನ ಬೀದಿಗಳಲ್ಲಿ ತಾವು ಕಂಡದ್ದೇ ಕ್ರೈಸ್ತಧರ್ಮವಾಗಿದ್ದರೆ ತಮಗೆ ಅದು ಬೇಡ, ಹಿಂತಿರುಗಿ ಹೋಗುತ್ತೇನೆ ಎನ್ನುವ ಮಟ್ಟಕ್ಕೆ ಅವರ ಸಂಕಟ ಮುಟ್ಟಿತ್ತು. ಇದಕ್ಕಾಗಿ ಕುಲವನ್ನು ತೊರೆದು, ಹೆಂಡತಿಯನ್ನು ಕಳೆದುಕೊಂಡು ಬಂದಿದ್ದ ಮನುಷ್ಯ ಅವರು. ಮಿಷನರಿಯ ಎದುರು ಕುಳಿತು ಕಲಿತ ಪ್ರಾರ್ಥನೆಗೂ, ಅದನ್ನು ಶತಮಾನಗಳಿಂದ ಹೇಳುತ್ತ ಬಂದ ರಾಜಧಾನಿಯ ಬಾಳಿಗೂ ನಡುವಿನ ಅಂತರ ಅವರನ್ನು ಕುಗ್ಗಿಸಿತು. ಯೆಹೆಜ್ಕೇಲನು ನುಡಿದ ಮಾತು ಅವರಿಗೆ ಅಲ್ಲಿ ಕಣ್ಣೆದುರು ಕಂಡಿರಬೇಕು. ಆದರೂ ಅವರು ಆ ನಾಮವನ್ನು ಬಿಡಲಿಲ್ಲ. ಮರಳಿ ಬಂದು, 1860ರಲ್ಲಿ ‘ಷಡ್ದರ್ಶನ ದರ್ಪಣ’ ಬರೆದು, ಪಾದ್ರಿಯಾಗಿ, ಕಡುಬಡತನದ ಸಾಧುಜೀವನ ನಡೆಸಿ, 1895ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಪಂಡಿತಾ ರಮಾಬಾಯಿಯವರ ಮೇಲೆ ಆಳವಾದ ಪ್ರಭಾವ ಬೀರಿದವರಲ್ಲಿ ಅವರೂ ಒಬ್ಬರು.

ಇಪ್ಪತ್ತನೆಯ ಶತಮಾನದಲ್ಲಿ ಕಾಶಿ ಈ ಬಿನ್ನಹಕ್ಕೆ ಮತ್ತೊಂದು ಬಗೆಯ ಉತ್ತರ ಹುಡುಕಿತು. ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಭಾರತೀಯ ದರ್ಶನಗಳನ್ನು ಅಭ್ಯಸಿಸಿದ ರೈಮನ್ ಪಣಿಕ್ಕರ್ ಹನುಮಾನ್ ಘಾಟಿನಲ್ಲಿ ಮನೆ ಮಾಡಿ ವೇದಗಳನ್ನು ಇಂಗ್ಲಿಷಿಗೆ ತಂದರು. ಅವರ ಗೆಳೆಯ, ಫ್ರಾನ್ಸಿನಿಂದ 1948ರಲ್ಲಿ ಬಂದ ಸ್ವಾಮಿ ಅಭಿಷಿಕ್ತಾನಂದರು, ಪ್ರಾರ್ಥನೆಯನ್ನು ಕುರಿತ ತಮ್ಮ ಸಣ್ಣ ಪುಸ್ತಕದಲ್ಲಿ ನಾಮಸ್ಮರಣೆಗೇ ಒಂದು ಅಧ್ಯಾಯ ಮೀಸಲಿಟ್ಟರು. ಪೂರ್ವದೇಶದ ಸನ್ಯಾಸಿಗಳು ಉಸಿರುಸಿರಿಗೆ ಯೇಸುವಿನ ನಾಮ ನೆನೆಯುವ ಕ್ರಮವನ್ನು ಭಾರತದ ನಾಮಜಪದ ಪಕ್ಕದಲ್ಲಿಟ್ಟು ನೋಡಿದರು. ನಾಮ ಮೊದಲು ತುಟಿಯಲ್ಲಿ, ಆಮೇಲೆ ಮನಸ್ಸಿನಲ್ಲಿ, ಕೊನೆಗೆ ಹೃದಯದ ಮೌನದಲ್ಲಿ ನೆಲೆಸಬೇಕೆಂಬುದು ಅವರ ನಿಲುವು. ಇಂದು ನಗರದ ಹೊರವಲಯದ ಹರಹುವಾ ಬಳಿಯ ಮಾತೃಧಾಮ ಆಶ್ರಮದಲ್ಲಿ ‘ಖ್ರೀಸ್ತ ಭಕ್ತ’ರು ಸೇರುತ್ತಾರೆ. ಇವರಲ್ಲಿ ಬಹುಮಂದಿ ಸ್ನಾನದೀಕ್ಷೆ ಪಡೆದವರಲ್ಲ. ಸುತ್ತಲ ಹಳ್ಳಿಗಳ ದುಡಿಯುವ ಜನ. ಎದುರಾದಾಗ ‘ಜೈ ಯೇಸು’ ಎನ್ನುತ್ತಾರೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರು ಉಪಕಾರ ಸ್ಮರಿಸಲು ‘ದೇವ್ ಬರೆಂ ಕರುಂ’ ಅನ್ನುವಂತೆ, ಇದೂ ದಿನದ ವ್ಯವಹಾರದಲ್ಲಿ ಬೆರೆತ ನಾಮ. ಅಜ್ಜಿ ಗದರಿಸುತ್ತಿದ್ದುದು ಇಂಥ ಬಳಕೆಯನ್ನಲ್ಲ. ಇಲ್ಲಿ ನಾಮ ಹರಸುತ್ತದೆ. ‘ದೇವರಾಣೆ’ಯಲ್ಲಿ ನಾಮವನ್ನು ನಮ್ಮ ಕೆಲಸಕ್ಕೆ ದುಡಿಸಿಕೊಳ್ಳುತ್ತೇವೆ.

ಈ ವ್ಯತ್ಯಾಸವನ್ನು ನಮ್ಮ ಸಂವಿಧಾನ ಸಭೆಯೂ ಒಮ್ಮೆ ಎದುರಿಸಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲೆಂದು ತಿದ್ದುಪಡಿ ಮಂಡಿಸಿದರು. ಕಾಮತರ ಶ್ರದ್ಧೆ ಪ್ರಾಮಾಣಿಕವಾದುದು. ಆದರೆ ಅಲಹಾಬಾದಿನ ಪೂರ್ಣಿಮಾ ಬ್ಯಾನರ್ಜಿಯವರು, ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ಸಭೆಯನ್ನು ಗುರಿಮಾಡಬೇಡಿರೆಂದು ಬೇಡಿಕೊಂಡರು. ಮತವಂತೂ ನಡೆಯಿತು. ಪರವಾಗಿ 41, ವಿರುದ್ಧ 68. ಸೋತದ್ದು ದೇವರಲ್ಲ, ನಾಮವನ್ನು ಎಣಿಕೆಯಿಂದ ಗೆಲ್ಲಿಸಬಹುದೆಂಬ ಎಣಿಕೆ. ವಿರುದ್ಧ ಮತ ಹಾಕಿದವರಲ್ಲಿ ದೈವಭಕ್ತರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಪ್ರಮಾಣವಚನದ ವಿಷಯದಲ್ಲಿ ಸಂವಿಧಾನ ಎರಡು ದಾರಿ ತೆರೆಯಿತು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು.

ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದ ದಿನ ನಾನೂ ಅಂಥ ಒಂದು ಹಾಳೆಗೆ ಸಹಿ ಹಾಕಿದ್ದೆ. ನಿಷ್ಠೆ, ಪ್ರಾಮಾಣಿಕತೆ, ನಿಷ್ಪಕ್ಷಪಾತಗಳ ವಾಗ್ದಾನ ಮುಗಿದ ಮೇಲೆ, ದೇವರು ನೆರವಾಗಲೆಂಬ ಅರ್ಥದ ಸಣ್ಣ ಮಾತು ಆವರಣ ಚಿಹ್ನೆಗಳ ಒಳಗೆ ಇತ್ತು. ಎದುರಿಗಿದ್ದ ಗುಮಾಸ್ತರು, ಬೇಕಿದ್ದರೆ ಇಟ್ಟುಕೊಳ್ಳಿ, ಬೇಡವಾದರೆ ಹೊಡೆದುಹಾಕಿ ಎಂದರು. ನಾನು ಅಜ್ಜಿಯನ್ನು ನೆನೆದು ಒಂದು ಕ್ಷಣ ತಡೆದೆ. ಯೇಸು ಪರ್ವತ ಪ್ರಸಂಗದಲ್ಲಿ ಆಣೆಯೇ ಬೇಡ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದರೆ ಸಾಕೆಂದು ಕಲಿಸಿದ್ದು ನೆನಪಾಯಿತು. ಕೊನೆಗೆ ಆ ಮಾತನ್ನು ಹಾಗೆಯೇ ಬಿಟ್ಟೆ. ಅದು ಆಣೆಯಾಗಿ ಕಾಣಲಿಲ್ಲ, ಬಿನ್ನಹವಾಗಿ ಕಂಡಿತು. ಆ ಮೇಲಿನ ಇಪ್ಪತ್ತು ವರ್ಷಗಳಲ್ಲಿ, ಕಡತವೊಂದನ್ನು ಕಾರಣವಿಲ್ಲದೆ ಬದಿಗೆ ಸರಿಸಿದ ದಿನ, ಎದುರು ನಿಂತ ಮುದುಕನನ್ನು ನಾಳೆ ಬಾ ಎಂದು ಕಳುಹಿಸಿದ ದಿನ, ಆವರಣದೊಳಗಿನ ಆ ಹೆಸರು ನೆನಪಿಗೆ ಬಂದು ಚುಚ್ಚಿದ್ದುಂಟು. ನಿತ್ಯದ ಪ್ರಾರ್ಥನೆಯಲ್ಲಿ ಮೊದಲ ಬಿನ್ನಹವನ್ನು ಹೇಳಿ ಮುಗಿಸಿದವನಿಗೆ ಅದಕ್ಕಿಂತ ದೊಡ್ಡ ತನಿಖೆ ಬೇರೊಂದಿಲ್ಲ.

ದೇವರ ಹೆಸರುಗಳನ್ನು ಗಟ್ಟಿಯಾಗಿ ಕೂಗುವುದೇ ಭಕ್ತಿಯೆಂದು ತಿಳಿಯುವ ಕಾಲ ನಮ್ಮದು. ಎಲ್ಲ ಮತದವರಿಗೂ ಈ ಮಾತು ಸಲ್ಲುತ್ತದೆ. ಯಾರೋ ನಮ್ಮ ದೇವರ ಹೆಸರಿಗೆ ಅವಮಾನ ಮಾಡಿದರೆಂದು ಎದ್ದು ನಿಲ್ಲುವುದು ಸುಲಭ. ಹೊರನಾಡಿನಲ್ಲಿರುವ ನಾವು ಮಕ್ಕಳಿಗೆ ಕನ್ನಡದ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುತ್ತೇವೆ; ಅವರ ಉಚ್ಚಾರಣೆಯನ್ನು ತಿದ್ದುತ್ತೇವೆ. ನನ್ನ ಅಜ್ಜಿ ಉಚ್ಚಾರಣೆಯನ್ನು ತಿದ್ದಿದ್ದು ನೆನಪಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನಾವು ಅಂಗಳದಲ್ಲಿ ಏನು ಮಾತಾಡುತ್ತೇವೆಂದು ಅವರು ಕಿವಿಗೊಡುತ್ತಿದ್ದರು.